ಹಕ್ಕು ಸಮೇತ ಸಿಗುವ ಸಿದ್ಧ ಲೇಖನಗಳನ್ನು ವೆಬ್‌ಸೈಟಿಗೆ ಬಳಸುವುದು ಹೇಗೆ? ಕಲಬುರಗಿಯ ಅಂಗಡಿ, ಮಿಲ್ಲು, ಸಂಸ್ಥೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯ ಗಂಜ್‌ನಲ್ಲಿ ಸ್ವಂತ ದಾಲ್ ಮಿಲ್ಲು ಇಟ್ಟು ಬೇಳೆ ವ್ಯಾಪಾರ ಮಾಡುವ ಸಾಹುಕಾರರೊಬ್ಬರು ಕಳೆದ ಚಳಿಗಾಲದಲ್ಲಿ ನನ್ನ ಟೇಬಲ್ ಮೇಲೆ ಒಂದು ಪೆನ್‌ಡ್ರೈವ್ ಇಟ್ಟರು. "ಇದರಾಗ ಸಾವಿರ ಲೇಖನ ಅವ ನೋಡ್ರಿ. ದಿನಾ ಹತ್ತತ್ತು ನಮ್ಮ ವೆಬ್‌ಸೈಟಿಗೆ ಹಾಕಿಬಿಡ್ರಿ, ಗೂಗಲ್‌ದಾಗ ಮೇಲೆ ಬರ್ತೀವಿ" ಅಂದರು. ತೆರೆದು ನೋಡಿದೆ. ಎಲ್ಲ ಇಂಗ್ಲಿಷಿನಲ್ಲಿ. ಅಡುಗೆ, ತೂಕ ಇಳಿಸುವುದು, ಕೈತೋಟ, ಸಾಲದ ನಿರ್ವಹಣೆ, ನಾಯಿ ಸಾಕಣೆ. "ಇವನ್ನು ಬಳಸಲಿಕ್ಕೆ ಪರವಾನಗಿ ಪತ್ರ ಎಲ್ಲಿ, ಸಾವ್ಕಾರ್ರ?" ಎಂದು ಕೇಳಿದೆ. "ರೊಕ್ಕ ಕೊಟ್ಟು ತೊಗೊಂಡೀನಲ್ರೀ, ಮತ್ತೇನ್ ಬೇಕು?" ಎಂದರು.

ಒಂಬತ್ತು ವರ್ಷಗಳಿಂದ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಅಂಗಡಿ, ದವಾಖಾನೆ, ಕೋಚಿಂಗ್ ಕ್ಲಾಸು, ದಾಲ್ ಮಿಲ್ಲುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೇನೆ. ಈ ಮಾತು ನನಗೆ ಹೊಸದಲ್ಲ. ರೊಕ್ಕ ಕೊಟ್ಟರೆ ಕೈಗೆ ಬರುವುದು ಫೈಲು. ಆ ಫೈಲನ್ನು ಏನು ಮಾಡಬಹುದು ಎಂಬುದನ್ನು ಹೇಳುವುದು ಪರವಾನಗಿ. ಅದು ಎರಡು ಸಾಲಿನದ್ದಿರಲಿ, ಇಪ್ಪತ್ತು ಪುಟದ್ದಿರಲಿ, ನೀವು ಕೊಂಡ ಮಾಲು ಅದೇ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಹೆಜ್ಜೆಗಳು ತಾವಾಗಿ ಅರ್ಥವಾಗುತ್ತವೆ.

ಹೆಜ್ಜೆ 1: ಗಿರಾಕಿ ಏನು ಕೇಳುತ್ತಾನೆ ಎಂದು ಬರೆದುಕೊಳ್ಳಿ

ಲೇಖನ ಹುಡುಕುವ ಮೊದಲು ಒಂದು ವಾರ ಅಂಗಡಿಯಲ್ಲಿ ನೋಟ್‌ಬುಕ್ ಇಡಿ. ಫೋನಿನಲ್ಲಿ, ಗಲ್ಲಾ ಮುಂದೆ, ವಾಟ್ಸಾಪ್‌ನಲ್ಲಿ ಬಂದ ಪ್ರಶ್ನೆಗಳನ್ನೆಲ್ಲ ಅವರ ಮಾತಿನಲ್ಲೇ ಬರೆಯಿರಿ. ಆ ಸಾಹುಕಾರರ ನೋಟ್‌ಬುಕ್ಕಿನಲ್ಲಿ ಬಂದವು ಇಂಥವು: ಫಟ್ಕಾ ಬೇಳೆಗೂ ಸಾದಾ ಬೇಳೆಗೂ ಏನು ಫರಕು? ಹಳೆ ಬೇಳೆ ಬೇಗ ಕುದಿಯುವುದಿಲ್ಲ ಯಾಕೆ? ಹುಳ ಬೀಳದಂತೆ ಇಡುವುದು ಹೇಗೆ? ಕಲಬುರಗಿ ತೊಗರಿಗೆ ಅಷ್ಟು ಹೆಸರು ಯಾಕೆ?

ಈಗ ಆ ಪ್ರಶ್ನೆಗಳನ್ನು ಎರಡು ಪಾಲು ಮಾಡಿ. ಜಗತ್ತಿನ ಯಾರೇ ಬರೆದರೂ ಉತ್ತರ ಒಂದೇ ಇರುವಂಥವು ಒಂದು ಪಾಲು. ಕಾಳಿನಲ್ಲಿ ಎಷ್ಟು ಪ್ರೋಟೀನು ಇರುತ್ತದೆ, ನೆನೆಸಿದರೆ ಯಾಕೆ ಬೇಗ ಬೇಯುತ್ತದೆ ಎಂಬಂಥವು. ಇವಕ್ಕೆ ಸಿದ್ಧ ಲೇಖನ ಸಾಕು. ನೀವೇ ಹೇಳಬೇಕಾದವು ಇನ್ನೊಂದು ಪಾಲು. ಫಟ್ಕಾ ಎಂಬ ಮಾತು ಯಾವ ಸಿದ್ಧ ಲೇಖನದಲ್ಲೂ ಇರುವುದಿಲ್ಲ. ದರ, ನಿಮ್ಮ ಮಿಲ್ಲಿನ ಕಥೆ, ಮಾಲು ಹಿಂತಿರುಗಿಸುವ ನಿಯಮ, ವಿಳಾಸದ ಪುಟ, ಇವನ್ನು ಎಂದೂ ಹೊರಗಿಂದ ತರಬೇಡಿ. ಬೇರೆ ಕಂಪನಿಯ ನಿಯಮಗಳ ಪುಟವನ್ನು ಇಡಿಯಾಗಿ ಎತ್ತಿ ಹಾಕಿಕೊಂಡ ಸೈಟುಗಳನ್ನು ನೋಡಿದ್ದೇನೆ. ಅಲ್ಲಿ ಬರೆದ ಪ್ರತಿ ಮಾತಿಗೂ ಗಿರಾಕಿ ನಿಮ್ಮನ್ನೇ ಹಿಡಿಯುತ್ತಾನೆ.

ಹೆಜ್ಜೆ 2: ಲೇಖನ ಯಾವ ದಾರಿಯಿಂದ ಬಂತು ಎಂದು ಗುರುತಿಸಿ

ಸಿದ್ಧ ಲೇಖನಗಳು ಮುಖ್ಯವಾಗಿ ಐದು ದಾರಿಗಳಿಂದ ಬರುತ್ತವೆ. ಒಂದೊಂದರ ನಡೆ ಒಂದೊಂದು.

ಪೆನ್‌ಡ್ರೈವಿನಲ್ಲಿ ಬಂದದ್ದು ಪಿ.ಎಲ್.ಆರ್. ಮಾಲು, ಅಂದರೆ ಪ್ರೈವೇಟ್ ಲೇಬಲ್ ರೈಟ್ಸ್. ಒಂದೇ ಲೇಖನವನ್ನು ನೂರಾರು ಜನರಿಗೆ ಮಾರುತ್ತಾರೆ. ಕೊಂಡವರು ತಿದ್ದಬಹುದು, ಸಾಮಾನ್ಯವಾಗಿ ತಮ್ಮ ಹೆಸರಿನಲ್ಲೂ ಹಾಕಿಕೊಳ್ಳಬಹುದು. ಅದರಲ್ಲೇ ಬೇರೆ ಬೇರೆ ಬಗೆಗಳಿವೆ. ಕೆಲವು ಪರವಾನಗಿಗಳು ಲೇಖನವನ್ನು ಮರುಮಾರಾಟ ಮಾಡಲು ಮಾತ್ರ ಬಿಡುತ್ತವೆ, ಒಂದಕ್ಷರ ತಿದ್ದಲು ಬಿಡುವುದಿಲ್ಲ. ಕೆಲವು ತಿದ್ದಲು ಬಿಡುತ್ತವೆ, ಬೇರೆಯವರಿಗೆ ಕೊಡಲು ಬಿಡುವುದಿಲ್ಲ. ಪಿ.ಎಲ್.ಆರ್. ಎಂದ ಮಾತ್ರಕ್ಕೆ ಎಲ್ಲ ಹಕ್ಕೂ ನಿಮ್ಮದಾಯಿತು ಎಂದು ತಿಳಿಯಬೇಡಿ. ಮೂಲ ಕಾಪಿರೈಟ್ ಬಹುಪಾಲು ಬರೆಸಿದವರ ಬಳಿಯೇ ಉಳಿದಿರುತ್ತದೆ.

ಎರಡನೆಯದು ಸುದ್ದಿ ಸಂಸ್ಥೆಗಳ ಚಂದಾ. ಪಿ.ಟಿ.ಐ.ಯಂಥ ಸಂಸ್ಥೆಗಳು ಹಣ ಪಡೆದು ಸುದ್ದಿ, ಲೇಖನ, ಫೋಟೊ ಬಳಸಲು ಬಿಡುತ್ತವೆ. ಸ್ಥಳೀಯ ಸುದ್ದಿ ಪೋರ್ಟಲ್ ನಡೆಸುವವರಿಗೆ ಇದು ಸರಿಯಾದ ದಾರಿ. ಬೇಳೆ ಅಂಗಡಿಗೆ ಬೇಕಿಲ್ಲ.

ಮೂರನೆಯದು ಕ್ರಿಯೇಟಿವ್ ಕಾಮನ್ಸ್ (ಸಿಸಿ), ಅಂದರೆ ಬರೆದವರೇ ಷರತ್ತು ಹೇಳಿ ಎಲ್ಲರ ಬಳಕೆಗೆ ಬಿಟ್ಟ ಬರಹ. ಕೊಡುವ ಹಣ ಏನೂ ಇಲ್ಲ, ಷರತ್ತುಗಳಿವೆ. 2002ರಲ್ಲಿ ಬಂದ ಈ ಪರವಾನಗಿಗಳ ಈಗಿನ 4.0 ಆವೃತ್ತಿ 2013ರದ್ದು. ಹೆಸರಿನ ಜೊತೆಗಿರುವ ಅಕ್ಷರಗಳನ್ನು ಓದಲು ಕಲಿಯಬೇಕು. ಬಿವೈ ಅಂದರೆ ಬರೆದವರ ಹೆಸರು ಹೇಳಬೇಕು. ಎಸ್‌ಎ ಅಂದರೆ ನೀವು ಬದಲಿಸಿದ ರೂಪವನ್ನೂ ಅದೇ ಪರವಾನಗಿಯಲ್ಲಿ ಎಲ್ಲರಿಗೂ ಬಿಡಬೇಕು. ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಮಿಲ್ಲಿನ ಸೈಟು ಬೇಳೆ ಮಾರಲಿಕ್ಕೇ ಇರುವುದರಿಂದ ಎನ್‌ಸಿ ಲೇಖನ ನಿಮಗಲ್ಲ, ಅಲ್ಲಿಗೇ ಬಿಟ್ಟುಬಿಡಿ. ಎನ್‌ಡಿ ಅಂದರೆ ಬದಲಿಸಿದ ರೂಪವನ್ನು ಹಂಚುವಂತಿಲ್ಲ. ಅನುವಾದವೂ ಬದಲಾವಣೆಯೇ.

ನಾನು ಎಡವಿದ್ದು ಇಲ್ಲಿಯೇ. ಒಂದು ದವಾಖಾನೆಯ ಸೈಟಿಗೆ ಸಕ್ಕರೆ ಕಾಯಿಲೆಯವರ ಊಟದ ಬಗ್ಗೆ ಒಳ್ಳೆಯ ಇಂಗ್ಲಿಷ್ ಲೇಖನ ಸಿಕ್ಕಿತ್ತು. ಬರೆದವರ ಹೆಸರು ಹಾಕಿದೆ, ಕೊಂಡಿ ಕೊಟ್ಟೆ, ಮೂರು ರಾತ್ರಿ ಕೂತು ಕನ್ನಡಕ್ಕೆ ಮಾಡಿದೆ. ಕೊನೆಯಲ್ಲಿದ್ದ ಎನ್‌ಡಿ ಎಂಬ ಎರಡಕ್ಷರ ನೋಡಿರಲಿಲ್ಲ. ಎರಡು ತಿಂಗಳ ಮೇಲೆ ಲೇಖಕರಿಂದ ಮೇಲ್ ಬಂತು. ಮರ್ಯಾದೆಯಿಂದಲೇ ಬರೆದಿದ್ದರು. ತಕ್ಷಣ ಪುಟ ತೆಗೆದೆ, ಕ್ಷಮೆ ಕೇಳಿ ಉತ್ತರ ಬರೆದೆ. ಮೊದಲೇ ಒಂದು ಮೇಲ್ ಹಾಕಿ ಅನುಮತಿ ಕೇಳಿದ್ದರೆ ಅವರು ಕೊಡುತ್ತಿದ್ದರು ಎಂದು ಆಮೇಲಿನ ಪತ್ರದಲ್ಲಿ ತಿಳಿಯಿತು. ಆ ಮೂರು ರಾತ್ರಿಗಳು ಈಗಲೂ ನೆನಪಾಗುತ್ತವೆ.

ನಾಲ್ಕನೆಯದು ಹಕ್ಕಿನ ಅವಧಿ ಮುಗಿದ ಬರಹ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಎಣಿಸಬೇಕು. 1965ರಲ್ಲಿ ತೀರಿಕೊಂಡವರು ಬದುಕಿದ್ದಾಗ ಪ್ರಕಟಿಸಿದ ಬರಹ 2026ರ ಜನವರಿ 1ಕ್ಕೆ ಎಲ್ಲರದಾಯಿತು. ಬಸವಕಲ್ಯಾಣದ ಸುತ್ತಿನ ವಸತಿಗೃಹ, ಪ್ರವಾಸ ಸಂಸ್ಥೆಗಳವರು ವಚನಗಳನ್ನು ಸೈಟಿಗೆ ಹಾಕಲು ಕೇಳುತ್ತಾರೆ. ಹನ್ನೆರಡನೆಯ ಶತಮಾನದ ವಚನಕ್ಕೆ ಯಾರ ಅನುಮತಿಯೂ ಬೇಡ. ಆದರೆ ಪುಸ್ತಕದಲ್ಲಿ ವಚನದ ಕೆಳಗಿರುವ ಅರ್ಥ, ಟಿಪ್ಪಣಿ, ಮುನ್ನುಡಿ ಇವು ಈಗಿನವರು ಬರೆದದ್ದಾದರೆ ಅವರ ಸೊತ್ತು. ವಚನಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದ ಫ.ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು, ಆದ್ದರಿಂದ ಅವರು ಬದುಕಿದ್ದಾಗ ಅಚ್ಚಾದ ಟಿಪ್ಪಣಿಗಳು 2025ರ ಆರಂಭದಿಂದ ಮುಕ್ತ. ಮೊನ್ನೆ ಮೊನ್ನೆ ಬಂದ ವ್ಯಾಖ್ಯಾನದ ಪುಸ್ತಕವನ್ನು ಹಾಗೆ ಎತ್ತುವಂತಿಲ್ಲ.

ಐದನೆಯದು ಸರ್ಕಾರಿ ಬರಹ. ಸರ್ಕಾರದ್ದು ಅಂದರೆ ಪುಕ್ಕಟೆ ಎಂಬುದು ನಮ್ಮ ಕಡೆ ಬಲವಾಗಿ ಬೇರೂರಿದ ತಪ್ಪು ತಿಳಿವಳಿಕೆ. ಸರ್ಕಾರಿ ಕೃತಿಗೂ 60 ವರ್ಷದ ಹಕ್ಕುಸ್ವಾಮ್ಯ ಇದೆ. ರಾಜ್ಯಪತ್ರದಲ್ಲಿ ಬಂದದ್ದು, ಶಾಸನಸಭೆಯಲ್ಲಿ ಮಂಡಿಸಿದ ಸಮಿತಿ ವರದಿ, ಕೋರ್ಟಿನ ತೀರ್ಪು ಇಂಥವಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಕೃಷಿ ಇಲಾಖೆಯ ಕರಪತ್ರ, ವಿಶ್ವವಿದ್ಯಾಲಯದ ಕೈಪಿಡಿ ಇವುಗಳ ವಿಷಯ ಬೇರೆ. ಆಯಾ ಜಾಲತಾಣದ ಕೆಳತುದಿಯಲ್ಲಿ ಕಾಪಿರೈಟ್ ನೀತಿ ಎಂಬ ಕೊಂಡಿ ಇರುತ್ತದೆ, ಅದನ್ನು ಓದಿ. ಮೂಲ ಹೆಸರಿಸಿ ಬಳಸಿ ಎಂದು ಕೆಲವರು, ಮೊದಲು ಮೇಲ್ ಮಾಡಿ ಎಂದು ಕೆಲವರು ಬರೆದಿರುತ್ತಾರೆ.

ಹೆಜ್ಜೆ 3: ಪರವಾನಗಿಯನ್ನು ಪೆನ್ಸಿಲ್ ಹಿಡಿದು ಓದಿ

ಈ ಹೆಜ್ಜೆಗೆ ಉಳಿದೆಲ್ಲದಕ್ಕಿಂತ ಹೆಚ್ಚು ಸಮಯ ಕೊಡಿ ಎಂದು ಕೈಮುಗಿದು ಕೇಳುತ್ತೇನೆ. ಕಾನೂನಿನ ತೊಡಕು ಬಂದರೆ ವಕೀಲರನ್ನೇ ಕೇಳಬೇಕು. ಆದರೆ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ, ಅಂದರೆ 1957ರ ಕಾಯ್ದೆಯ, ಕೆಲವು ಕಲಂಗಳು ಪ್ರತಿ ವ್ಯಾಪಾರಿಗೂ ಗೊತ್ತಿರಬೇಕು.

30ನೇ ಕಲಂ ಪ್ರಕಾರ ಪರವಾನಗಿ ಬರಹದಲ್ಲಿರಬೇಕು. "ಹಾಕ್ಕೋರಿ, ನಮ್ದೇನೂ ಅಭ್ಯಂತರ ಇಲ್ಲ" ಎಂದು ಫೋನಿನಲ್ಲಿ ಹೇಳಿದ್ದು ಮುಂದೆ ಆಧಾರವಾಗಿ ನಿಲ್ಲುವುದಿಲ್ಲ. ಬಾಯಿಮಾತಿನಲ್ಲಿ ಒಪ್ಪಿದವರಿಗೆ ಅದೇ ದಿನ ಮೇಲ್ ಕಳಿಸಿ, ಇಂಥ ಲೇಖನ, ಇಂಥ ಸೈಟು, ಇಷ್ಟು ದಿನ, ಅನುವಾದಕ್ಕೂ ಸೇರಿ ಅನುಮತಿ ಕೊಟ್ಟಿದ್ದೀರಿ ಎಂದು ಬರೆದು ಹೌದು ಎಂದು ಉತ್ತರ ತರಿಸಿಕೊಳ್ಳಿ.

19ನೇ ಕಲಂ ಹಕ್ಕಿನ ವರ್ಗಾವಣೆಯದ್ದು. 30ಎ ಕಲಂ ಅದೇ ನಿಯಮಗಳನ್ನು ಪರವಾನಗಿಗೂ ಅನ್ವಯಿಸುತ್ತದೆ. ಅದರಲ್ಲಿ ಮೂರು ಮಾತು ನೋಡಿ. ಎಷ್ಟು ಕಾಲ ಎಂದು ಪತ್ರದಲ್ಲಿ ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ಹೇಳಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ವೆಬ್‌ಸೈಟನ್ನು ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರೂ ತೆರೆಯುತ್ತಾರೆ, ಆದ್ದರಿಂದ ಪತ್ರದಲ್ಲಿ ಜಗತ್ತಿನಾದ್ಯಂತ ಎಂಬ ಮಾತು ಇರಲೇಬೇಕು. ಅವಧಿಯೂ ಇರಲೇಬೇಕು. ಸಾವಿರ ಲೇಖನ ಕೊಂಡು ಗೋದಾಮಿನಲ್ಲಿ ಚೀಲ ಒಟ್ಟಿದಂತೆ ಒಟ್ಟುವವರಿಗೆ ಒಂದು ವರ್ಷದ ಮಾತು ಮುಖ್ಯ.

57ನೇ ಕಲಂ ಬರೆದವರ ಮಾನಕ್ಕೆ ಸಂಬಂಧಿಸಿದ್ದು. ಹಕ್ಕು ಮಾರಿದ ಮೇಲೂ ಇದು ನನ್ನ ಬರಹ ಎಂದು ಹೇಳುವ, ತಮ್ಮ ಗೌರವಕ್ಕೆ ಕುಂದು ಬರುವಂತೆ ತಿರುಚುವುದನ್ನು ತಡೆಯುವ ಹಕ್ಕು ಅವರಲ್ಲಿ ಉಳಿಯುತ್ತದೆ. ಒಬ್ಬರ ಹೆಸರು ಉಳಿಸಿಕೊಂಡು ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಹಾಕುವುದು ಕಾನೂನಿಗೂ ತಪ್ಪು, ನಡತೆಗೂ ತಪ್ಪು.

ಪತ್ರ ಓದುವಾಗ ನಾನು ಹುಡುಕುವ ಉತ್ತರಗಳು ಇವು: ವ್ಯಾಪಾರದ ಸೈಟಿಗೆ ಬಳಸಬಹುದೇ? ತಿದ್ದಬಹುದೇ? ಅನುವಾದ ಮಾಡಬಹುದೇ? ಹೆಸರು ಹಾಕಲೇಬೇಕೇ? ಒಂದೇ ಸೈಟಿಗೋ, ಎಷ್ಟು ಸೈಟಿಗಾದರೂ ಆಗುತ್ತದೋ? ಫೇಸ್‌ಬುಕ್, ವಾಟ್ಸಾಪ್, ಕರಪತ್ರಕ್ಕೂ ನಡೆಯುತ್ತದೋ? ಜೊತೆಗಿರುವ ಚಿತ್ರಗಳಿಗೂ ಇದೇ ಪರವಾನಗಿಯೋ? ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಲೇಖನದ ಹಕ್ಕು ಬೇರೆ, ಫೋಟೊದ ಹಕ್ಕು ಬೇರೆ. ಅನುಮಾನ ಬಂದರೆ ಫೋಟೊ ಬಿಟ್ಟು, ನಿಮ್ಮ ಅಂಗಡಿಯ ಮುಂದೆ ನಿಮ್ಮ ಮೊಬೈಲಿನಲ್ಲೇ ಒಂದು ತೆಗೆಯಿರಿ. ಗಿರಾಕಿಗೂ ಅದೇ ಇಷ್ಟ.

ಹೆಜ್ಜೆ 4: ಮಾರಿದವರಿಗೆ ಮಾರುವ ಹಕ್ಕಿತ್ತೇ ಎಂದು ಪರೀಕ್ಷಿಸಿ

ಲೇಖನದ ನಡುವಿನಿಂದ ಹತ್ತು ಹನ್ನೆರಡು ಶಬ್ದಗಳ ಒಂದು ಸಾಲು ಎತ್ತಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಹೀಗೆ ಮೂರು ಕಡೆಯ ಸಾಲು ಪರೀಕ್ಷಿಸಿ. ಯಾವುದೋ ಪತ್ರಿಕೆಯ ಸೈಟಿನಲ್ಲಿ, ಬರೆದವರ ಹೆಸರಿನೊಡನೆ, ಹಳೆಯ ದಿನಾಂಕದಲ್ಲಿ ಅದೇ ಸಾಲು ಸಿಕ್ಕರೆ ನಿಮ್ಮ ಕೈಗೆ ಬಂದದ್ದು ಕದ್ದ ಮಾಲು. ಆ ಪೆನ್‌ಡ್ರೈವಿನಲ್ಲಿ ನಾನು ಇಪ್ಪತ್ತು ಲೇಖನ ಪರೀಕ್ಷಿಸಿದೆ, ಅದರಲ್ಲಿ ಮೂರು ಹೀಗೆ ಸಿಕ್ಕವು. ನೋಟಿಸು ಮೊದಲು ಬರುವುದು ಪುಟ ಯಾರ ಸೈಟಿನಲ್ಲಿದೆಯೋ ಅವರಿಗೆ. ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ 63ನೇ ಕಲಂ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ.

ಮಾರುವವರಿಂದ ಬಿಲ್ಲು ತೆಗೆದುಕೊಳ್ಳಿ. ಈ ಬರಹ ನಮ್ಮದೇ, ಮೂರನೆಯವರು ತಕರಾರು ತೆಗೆದರೆ ಹೊಣೆ ನಮ್ಮದು ಎಂಬ ಸಾಲು ಪತ್ರದಲ್ಲಿದೆಯೇ ನೋಡಿ. ಬಿಲ್ಲು ಕೊಡಲು ಹಿಂದೆಮುಂದೆ ನೋಡುವವರಿಂದ ಕೊಳ್ಳಬೇಡಿ.

ಹೆಜ್ಜೆ 5: ಒಂದು ರಿಜಿಸ್ಟರ್ ಇಡಿ

ಎಕ್ಸೆಲ್ ಆದರೂ ಸರಿ, ಕೆಂಪು ರಟ್ಟಿನ ಖಾತೆ ಪುಸ್ತಕ ಆದರೂ ಸರಿ. ಲೇಖನದ ಹೆಸರು, ಸಿಕ್ಕ ವಿಳಾಸ, ಬರೆದವರು, ಪರವಾನಗಿಯ ಹೆಸರು ಮತ್ತು ಆವೃತ್ತಿ, ಪಡೆದ ದಿನಾಂಕ, ಅವಧಿ ಮುಗಿಯುವ ದಿನಾಂಕ, ನಾವು ಮಾಡಿದ ಬದಲಾವಣೆ, ನಮ್ಮ ಸೈಟಿನ ಪುಟದ ವಿಳಾಸ, ಇಷ್ಟು ಕಾಲಂ ಸಾಕು. ಪರವಾನಗಿ ಪುಟವನ್ನು ಅದೇ ದಿನ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಸೈಟುಗಳು ಮಾತು ಬದಲಿಸುತ್ತವೆ, ಕೆಲವು ಮುಚ್ಚಿಯೇ ಹೋಗುತ್ತವೆ.

ಹೆಜ್ಜೆ 6: ಲೇಖನವನ್ನು ನಮ್ಮೂರಿಗೆ ಕರೆತನ್ನಿ

ಪರವಾನಗಿ ಸರಿ ಇದ್ದ ಮೇಲೂ ನಿಜವಾದ ಕೆಲಸ ಬಾಕಿ ಇರುತ್ತದೆ. ಒಂದು ಪ್ಯಾರಾ ಹತ್ತಿರದಿಂದ ನೋಡೋಣ. ಪೆನ್‌ಡ್ರೈವಿನ ಒಂದು ಲೇಖನದ ಸಾರಾಂಶ ಹೀಗಿತ್ತು: ಒಣ ಕಾಳುಗಳನ್ನು ನೆಲಮಾಳಿಗೆಯ ತಂಪಾದ ಕಪಾಟಿನಲ್ಲಿಡಿ, ಎಪ್ಪತ್ತು ಡಿಗ್ರಿ ಮೀರದಂತೆ ನೋಡಿಕೊಳ್ಳಿ, ಸೂಪರ್ ಮಾರ್ಕೆಟ್ಟಿನಿಂದ ತಂದ ಒಂದು ಪೌಂಡಿನ ಪ್ಯಾಕೆಟ್ಟು ಒಡೆದ ಮೇಲೆ ಗಾಜಿನ ಭರಣಿಗೆ ಸುರಿಯಿರಿ.

ಎಪ್ಪತ್ತು ಡಿಗ್ರಿ ಅಲ್ಲಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸುಮಾರು 21 ಸೆಲ್ಸಿಯಸ್. ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವ ಕಲಬುರಗಿಯಲ್ಲಿ ಈ ಸಲಹೆಯನ್ನು ಯಾರು ಪಾಲಿಸಬೇಕು? ನೆಲಮಾಳಿಗೆ ಎಷ್ಟು ಮನೆಯಲ್ಲಿದೆ? ಮಾರ್ಕೆಟ್ಟಿನ ಮಾತಂತೂ ಇನ್ನೂ ಗೊಂದಲ, ನಮ್ಮೂರಲ್ಲಿ ಸೂಪರ್ ಮಾರ್ಕೆಟ್ ಅಂದರೆ ಒಂದು ಇಡೀ ಪೇಟೆಯ ಹೆಸರು. ನಾನು ತಿದ್ದಿದ ಕರಡನ್ನು ಮಿಲ್ಲಿನ ಲೆಕ್ಕ ನೋಡುವ ಮುನೀಮರ ಮುಂದೆ ಓದಿದೆ. ಅರ್ಧಕ್ಕೇ ತಡೆದರು. "ಅದೆಲ್ಲಾ ಇರಲ್ರಿ. ತಂದ ದಿನಾ ಒಂದ್ ಬಿಸಿಲು ಕೊಡಬೇಕು, ಆರಿದ ಮ್ಯಾಲೆ ಡಬ್ಬಿಗೆ ತುಂಬಬೇಕು, ಬಿಸಿ ಇದ್ದಾಗ ಮುಚ್ಚಿದರ ಬೆವರು ಹಿಡೀತದ. ಒಣಾ ಬೇವಿನ ತಪ್ಪಲಾ ಹಾಕಬೇಕು, ಹಸೀದು ಹಾಕಬಾರದು. ಇದನ್ನ ಬರೀರಿ" ಎಂದರು. ಅವರ ಮಾತನ್ನೇ ತುಸು ತಿದ್ದಿ ಪ್ಯಾರಾ ಮಾಡಿದೆ. ಮೂಲದಿಂದ ಉಳಿದದ್ದು ಒಂದೇ ಅಂಶ: ತೇವ ಮತ್ತು ಗಾಳಿ ತಾಗದಂತೆ ಇಡಬೇಕು ಎಂಬುದು. ಹೀಗೆ ತಿದ್ದಿದ ಮೇಲೆ ಅರ್ಧಕ್ಕಿಂತ ಹೆಚ್ಚು ನಿಮ್ಮದೇ ಮಾತು ಇಲ್ಲದಿದ್ದರೆ ಆ ಲೇಖನ ಹಾಕಲು ಇನ್ನೂ ಹದವಾಗಿಲ್ಲ ಎಂಬುದು ನನ್ನ ಅಳತೆ.

ಯಂತ್ರಾನುವಾದವನ್ನು ಮೊದಲ ಕರಡಿಗೆ ಬಳಸಿದರೆ ತಪ್ಪಿಲ್ಲ, ಪರವಾನಗಿ ಅನುವಾದಕ್ಕೆ ಒಪ್ಪಿದ್ದರೆ. ಆದರೆ ಪ್ರತಿ ಸಾಲನ್ನೂ ಕಣ್ಣಿಟ್ಟು ಓದಿ. ತೊಗರಿಯ ಇಂಗ್ಲಿಷ್ ಹೆಸರು (ಪಿಜನ್ ಪೀ) ಪಾರಿವಾಳದ ಬಟಾಣಿ ಎಂದಾಗಿದ್ದನ್ನು, ದ್ವಿದಳ ಧಾನ್ಯದ ಇಂಗ್ಲಿಷ್ ಹೆಸರು (ಪಲ್ಸ್) ನಾಡಿಮಿಡಿತ ಎಂದಾಗಿದ್ದನ್ನು ನಾನೇ ತಿದ್ದಿದ್ದೇನೆ. ನಮ್ಮ ರೈತ ನೆಟೆ ರೋಗ ಎನ್ನುವುದನ್ನು ಬೇರೆ ಕಡೆ ಸೊರಗು ರೋಗ ಎನ್ನುತ್ತಾರೆ. ನಾವು ಉಳ್ಳಾಗಡ್ಡಿ, ಶೇಂಗಾ, ಪುಂಡಿಪಲ್ಯ ಎನ್ನುವುದನ್ನು ಬೆಂಗಳೂರಿನ ಬರಹ ಬೇರೆ ಹೆಸರಿನಿಂದ ಕರೆಯುತ್ತದೆ. ಗಿರಾಕಿ ಯಾವ ಮಾತಿನಿಂದ ಹುಡುಕುತ್ತಾನೋ ಆ ಮಾತು ಪುಟದಲ್ಲಿರಬೇಕು. ಎರಡೂ ಕಡೆಯವರು ಓದುವ ಸೈಟಾದರೆ ಮೊದಲ ಸಲ ಎರಡೂ ಹೆಸರು ಬರೆದು ಮುಂದೆ ಒಂದನ್ನೇ ಹಿಡಿಯಿರಿ.

ಹಳೆಯ ಲೇಖನಗಳಲ್ಲಿ ಊರಿನ ಹೆಸರು ಗುಲ್ಬರ್ಗಾ ಎಂದೇ ಇರುತ್ತದೆ. 2014ರ ನವೆಂಬರ್ 1ರಿಂದ ಅದು ಕಲಬುರಗಿ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಎಲ್ಲ ಕಡೆ ಒಮ್ಮೆಲೇ ಬದಲಿಸುವ ಗುಂಡಿ ಮಾತ್ರ ಒತ್ತಬೇಡಿ. ಗುಲ್ಬರ್ಗಾ ವಿಶ್ವವಿದ್ಯಾಲಯ ಇಂದಿಗೂ ಆ ಹೆಸರಿನದ್ದೇ. ನಮ್ಮ ತೊಗರಿಬೇಳೆಗೆ 2019ರಲ್ಲಿ ಸಿಕ್ಕ ಜಿ.ಐ. ಟ್ಯಾಗ್ (ಭೌಗೋಳಿಕ ಗುರುತು) ನೋಂದಣಿಯಾದದ್ದು ಗುಲ್ಬರ್ಗಾ ತೂರ್ ದಾಲ್ ಎಂಬ ಹೆಸರಿನಲ್ಲಿ. ಒಂದೊಂದಾಗಿ ನೋಡಿ ಬದಲಿಸಬೇಕು.

ಆರೋಗ್ಯದ ಮಾತು ಬಂದಲ್ಲಿ ಕತ್ತರಿ ಧಾರಾಳವಾಗಿ ಆಡಿಸಿ. ಸಿದ್ಧ ಲೇಖನಗಳಲ್ಲಿ ಬೇಳೆ ತಿಂದರೆ ಸಕ್ಕರೆ ಕಾಯಿಲೆ ಗುಣವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ ಎಂಬಂಥ ಸಾಲುಗಳು ಹೇರಳ. ಆಹಾರ ಮಾರುವವರು ತಮ್ಮ ಮಾಲು ರೋಗ ವಾಸಿ ಮಾಡುತ್ತದೆ ಎಂದು ಹೇಳಿಕೊಳ್ಳುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್.ಎಸ್.ಎಸ್.ಎ.ಐ.ನ 2018ರ ಜಾಹೀರಾತು ನಿಯಮಗಳು ಒಪ್ಪುವುದಿಲ್ಲ. ದವಾಖಾನೆಯ ಸೈಟಾದರೆ ವೈದ್ಯರು ಓದಿ ಒಪ್ಪಿದ ಮೇಲೆಯೇ ಪುಟ ಹೊರಬರಬೇಕು. ನಮ್ಮ ಹಳ್ಳಿಯ ತಾಯಂದಿರು ಮೊಬೈಲಿನಲ್ಲಿ ಓದಿದ್ದನ್ನು ನಂಬಿ ಗುಳಿಗೆ ಬಿಡುತ್ತಾರೆ. ಅಂಥದ್ದಕ್ಕೆ ನಾವು ಕಾರಣ ಆಗಬಾರದು.

ಸಿದ್ಧ ಲೇಖನಕ್ಕೆ ನಿಮ್ಮ ಮಾತು ಸೇರಿಸಿ ಎಂಬುದು ಬೀದರಿನ ಬಿದ್ರಿ ಅಂಗಡಿಯವರಿಗೂ ಅನ್ವಯ. ವಿಕಿಪೀಡಿಯದ ಬರಹ ಬಿವೈ-ಎಸ್‌ಎ 4.0 ಪರವಾನಗಿಯಲ್ಲಿದೆ, ವ್ಯಾಪಾರದ ಸೈಟಿಗೂ ಬಳಸಬಹುದು. ಸತು, ತಾಮ್ರದ ಮಿಶ್ರಲೋಹ, ಬೆಳ್ಳಿಯ ಕುಸುರಿ, ಕಪ್ಪು ಬಣ್ಣಕ್ಕೆ ಬೀದರ್ ಕೋಟೆಯ ಮಣ್ಣು, ಇಷ್ಟನ್ನು ಅಲ್ಲಿಂದ ತರಬಹುದು. ಆದರೆ ನಿಮ್ಮ ಕುಶಲಕರ್ಮಿ ಒಂದು ಹೂದಾನಿಗೆ ಎಷ್ಟು ದಿನ ಕೂರುತ್ತಾರೆ, ಕೋಟೆಯ ಮಣ್ಣು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ಹೇಗೆ ಪರೀಕ್ಷಿಸುತ್ತಾರೆ, ಅದನ್ನು ಹೇಳಲು ನಿಮ್ಮಿಂದ ಮಾತ್ರ ಆಗುತ್ತದೆ. ದೂರದ ಗಿರಾಕಿ ಹುಡುಕಿಕೊಂಡು ಬರುವುದು ಆ ಸಾಲಿಗೆ.

ಹೆಜ್ಜೆ 7: ಅಕ್ಷರ ಪರೀಕ್ಷೆ

ಕನ್ನಡದ್ದೇ ಸಿದ್ಧ ಲೇಖನ ಸಿಕ್ಕರೆ, ವಿಶೇಷವಾಗಿ ಡಿಟಿಪಿ ಮಾಡುವವರಿಂದ ಬಂದದ್ದಾದರೆ, ಅದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿರುವ ಸಾಧ್ಯತೆ ಹೆಚ್ಚು. ಅಂಥದ್ದು ವೆಬ್‌ಸೈಟಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಗೂಗಲ್‌ಗೂ ಓದಲು ಬರುವುದಿಲ್ಲ. ಎಲ್ಲ ಮೊಬೈಲು, ಕಂಪ್ಯೂಟರುಗಳಲ್ಲೂ ಓದಲು ಬರುವ ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳನ್ನು ಬೆರಳಿಟ್ಟು ನೋಡಿ. ಸೂರ್ಯ, ಕಾರ್ಯ, ವರ್ಷ ಎಂಬ ಶಬ್ದಗಳನ್ನು ಹುಡುಕಿದರೆ ಎಡವಟ್ಟು ಬೇಗ ಸಿಗುತ್ತದೆ. ವೆಬ್‌ಸೈಟ್ ಎಂದು ಟೈಪಿಸುವಾಗ ಬ್ ಮತ್ತು ಸೈ ಅಂಟಿ ಒತ್ತಕ್ಷರವಾಗದಂತೆ ನಡುವೆ ಕಾಣದ ವಿಭಜಕ ಅಕ್ಷರ ಬೇಕು. ಕಡಿಮೆ ಬೆಲೆಯ ಮೊಬೈಲೊಂದರಲ್ಲಿ ಪುಟ ತೆರೆದು ನೋಡದೆ ಪ್ರಕಟಿಸಬೇಡಿ.

ಹೆಜ್ಜೆ 8: ಬರೆದವರ ಹೆಸರನ್ನು ಸರಿಯಾಗಿ ಹೇಳಿ

ಗೂಗಲ್ ಕೃಪೆ, ಅಂತರ್ಜಾಲ ಕೃಪೆ ಎಂದು ಬರೆಯುವುದು ಹೆಸರು ಹೇಳಿದಂತಲ್ಲ. ಗೂಗಲ್ ಹುಡುಕಿ ತೋರಿಸುತ್ತದೆ ಅಷ್ಟೆ, ಬರೆದದ್ದು ಒಬ್ಬ ಮನುಷ್ಯ. ಕ್ರಿಯೇಟಿವ್ ಕಾಮನ್ಸ್ ಲೇಖನಕ್ಕೆ ನಾಲ್ಕು ಅಂಶ ಹಾಕಿ: ಶೀರ್ಷಿಕೆ, ಬರೆದವರು, ಮೂಲದ ಕೊಂಡಿ, ಪರವಾನಗಿಯ ಕೊಂಡಿ. ಬದಲಾವಣೆ ಮಾಡಿದ್ದರೆ ಅದನ್ನೂ ಹೇಳಿ. ನಾನು ಪುಟದ ಕೆಳಗೆ ಹೀಗೆ ಹಾಕುತ್ತೇನೆ:

"ಈ ಬರಹಕ್ಕೆ ಮೂಲ ಕನ್ನಡ ವಿಕಿಪೀಡಿಯದ 'ತೊಗರಿ' ಲೇಖನ, ಬರೆದವರು ಅದರ ಸಂಪಾದಕರು. ಪರವಾನಗಿ ಸಿಸಿ ಬಿವೈ-ಎಸ್‌ಎ 4.0. ನಾವು ಸಂಕ್ಷೇಪಿಸಿ, ಕಲಬುರಗಿ ಭಾಗದ ಮಾಹಿತಿ ಸೇರಿಸಿದ್ದೇವೆ. ಈ ರೂಪವೂ ಅದೇ ಪರವಾನಗಿಯಲ್ಲಿ ಲಭ್ಯ."

ಕೊನೆಯ ಸಾಲು ಕಂಡು ಸಾಹುಕಾರರು ಬೆಚ್ಚಿದರು. "ಹಂಗಾದ್ರ ಬಾಜು ಮಿಲ್ಲಿನವರೂ ಇದನ್ನ ತೊಗೋಬಹುದೇನ್ರಿ?" ಹೌದು, ತೆಗೆದುಕೊಳ್ಳಬಹುದು, ನಿಮ್ಮ ಹೆಸರು ಹೇಳಬೇಕು. ಅದು ಬೇಡವಾದರೆ ಎಸ್‌ಎ ಲೇಖನಕ್ಕೆ ನಿಮ್ಮ ಗುಟ್ಟಿನ ಮಾತು ಬೆರೆಸಬೇಡಿ, ಅದಕ್ಕೆ ಬೇರೆ ಪುಟ ಬರೆಯಿರಿ. ಹೆಸರು ಹಾಕುವುದನ್ನು ಮರೆತಿದ್ದು ನೆನಪಾದರೆ ಗಾಬರಿ ಬೇಡ, 4.0 ಆವೃತ್ತಿಯಲ್ಲಿ ತಪ್ಪು ತಿಳಿದ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ತಾನಾಗಿ ಮರಳುತ್ತದೆ.

ಹೆಜ್ಜೆ 9: ಗೂಗಲ್ ಮುಂದೆ ಹೇಗೆ ಇಡಬೇಕು

ಬೇರೆಡೆ ಇರುವ ಲೇಖನ ನಿಮ್ಮಲ್ಲೂ ಇದ್ದರೆ ಗೂಗಲ್ ಸಾಮಾನ್ಯವಾಗಿ ಶಿಕ್ಷೆ ಕೊಡುವುದಿಲ್ಲ. ಒಂದೇ ಬಗೆಯ ಪುಟಗಳಲ್ಲಿ ಒಂದನ್ನು ಆರಿಸಿ ತೋರಿಸುತ್ತದೆ, ಆ ಒಂದು ನಿಮ್ಮದಾಗುವುದು ಅಪರೂಪ. ಆದರೆ ಮೇಲಕ್ಕೆ ಬರಲಿಕ್ಕೆಂದೇ ರಾಶಿ ರಾಶಿ ಪುಟ ಸುರಿಯುವುದನ್ನು 2024ರ ಮಾರ್ಚಿನಲ್ಲಿ ತಂದ ನೀತಿಯಲ್ಲಿ ಗೂಗಲ್ ಸ್ಪ್ಯಾಮ್ ಎಂದು ಹೆಸರಿಸಿದೆ. ದಿನಕ್ಕೆ ಹತ್ತು ಲೇಖನದ ಆಸೆ ಅಲ್ಲಿಗೇ ಮುಗಿಯಿತು. ಆಡ್‌ಸೆನ್ಸ್ ಎಂಬ ಗೂಗಲ್ ಯೋಜನೆಯ ಜಾಹೀರಾತು ಬಯಸುವವರಿಗೂ ಅಷ್ಟೆ, ಬೇರೆಯವರ ಬರಹವನ್ನು ಏನೂ ಸೇರಿಸದೆ ಹಾಕಿದ ಪುಟಗಳಿಗೆ ಗೂಗಲ್ ಒಪ್ಪಿಗೆ ಕೊಡುವುದಿಲ್ಲ.

ಸುದ್ದಿ ಸಂಸ್ಥೆಯ ಲೇಖನವನ್ನು ಇದ್ದಂತೆಯೇ ಹಾಕಬೇಕಾದಾಗ ಅವರ ಒಪ್ಪಂದದಲ್ಲಿ ಕ್ಯಾನಾನಿಕಲ್ ಅಥವಾ ನೋಇಂಡೆಕ್ಸ್ ಗುರುತು ಕೇಳಿದ್ದಾರೆಯೇ ನೋಡಿ. ಮೊದಲನೆಯದು ಮೂಲ ಪುಟ ಯಾವುದೆಂದು ಗೂಗಲ್‌ಗೆ ಸೂಚಿಸುತ್ತದೆ, ಎರಡನೆಯದು ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ ಎನ್ನುತ್ತದೆ. ವರ್ಡ್‌ಪ್ರೆಸ್‌ನ ಎಸ್‌ಇಒ ಪ್ಲಗಿನ್‌ಗಳಲ್ಲಿ ಎರಡಕ್ಕೂ ಜಾಗವಿದೆ.

ಪದ ಬದಲಿಸಿ ಲೇಖನ ತಿರುಚಿಕೊಡುವ ತಂತ್ರಾಂಶಗಳ ಮೊರೆ ಹೋಗಬೇಡಿ. ಪರವಾನಗಿ ಇಲ್ಲದ ಲೇಖನ ಹಾಗೆ ತಿರುಚಿದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ, ಕನ್ನಡವೂ ಕೆಡುತ್ತದೆ.

ಹೆಜ್ಜೆ 10: ಇಲ್ಲಿಯವರಿಂದಲೇ ಬರೆಸುವ ದಾರಿ

ಪಟ್ಟಿಯಲ್ಲಿ ಸಿದ್ಧ ಲೇಖನ ಸಿಗದ ಪ್ರಶ್ನೆಗಳು ಉಳಿದಿರುತ್ತವಲ್ಲ, ಅವನ್ನು ಊರಿನವರಿಂದ ಬರೆಸಿ. ಕನ್ನಡ ಎಂ.ಎ. ಓದುವ ಹುಡುಗ ಹುಡುಗಿಯರು ಕಲಬುರಗಿಯಲ್ಲಿ ಎಷ್ಟೋ ಜನ ಇದ್ದಾರೆ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕರದ್ದು, ಆದರೆ ಹೊರಗಿನವರು ಲೇಖನಕ್ಕಿಷ್ಟು ಎಂದು ಬರೆದುಕೊಟ್ಟದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆದವರಲ್ಲೇ ಉಳಿಯುತ್ತದೆ. ಹಣ ಕೊಟ್ಟೆ, ನನ್ನದಾಯಿತು ಎನ್ನುವಂತಿಲ್ಲ. ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ, ಅವಧಿ, ಪ್ರದೇಶ, ಮೊತ್ತ ಬರೆಯಿರಿ, ಸಹಿ ಹಾಕಿಸಿ, ಹಣವನ್ನು ಹೇಳಿದ ದಿನ ಕೊಡಿ. ಬರೆದವರ ಹೆಸರನ್ನೂ ಪುಟದ ಮೇಲೆ ಹಾಕಿ. ಆ ಹುಡುಗರು ನಾಳೆ ಕೆಲಸ ಕೇಳಲು ಹೋದಾಗ ತೋರಿಸಲು ಅವರಿಗೆ ಅದೊಂದು ಆಧಾರ.

ಹೆಜ್ಜೆ 11: ವರ್ಷಕ್ಕೊಮ್ಮೆ ತಿರುವಿ ಹಾಕಿ

ಸಾಹುಕಾರರ ಸೈಟಿನಲ್ಲಿ ಈಗ ಹದಿನಾಲ್ಕು ಲೇಖನಗಳಿವೆ. ಪೆನ್‌ಡ್ರೈವಿನಿಂದ ಬಂದವು ಎರಡೇ, ಅದೂ ಮಾರಿದವರಿಂದ ಬಿಲ್ಲು, ಪರವಾನಗಿ ಪತ್ರ ತರಿಸಿದ ಮೇಲೆ. ಎಳ್ಳ ಅಮವಾಸ್ಯೆಯ ಚರಗ ಚೆಲ್ಲಿ ಬಂದ ವಾರ, ಗಂಜಿಗೆ ಹೊಸ ತೊಗರಿ ಬರುವ ಹೊತ್ತಿಗೆ, ನಾನು ಮತ್ತು ಮುನೀಮರು ರಿಜಿಸ್ಟರ್ ಬಿಚ್ಚಿ ಕೂರುತ್ತೇವೆ. ಅವಧಿ ಮುಗಿಯುವ ಕಾಲಂ ಮೊದಲು ನೋಡುತ್ತೇವೆ, ಮೂರು ತಿಂಗಳೊಳಗೆ ಮುಗಿಯುವುದಿದ್ದರೆ ನವೀಕರಣದ ಮೇಲ್ ಅವತ್ತೇ ಹೋಗುತ್ತದೆ. ನವೀಕರಣ ಆಗದಿದ್ದರೆ ಪುಟ ಇಳಿಸುತ್ತೇವೆ. ಮೂಲದ ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತೇವೆ. ಕೊನೆಗೆ ಮುನೀಮರು ಬೇಳೆ ಇಡುವ ಲೇಖನವನ್ನು ಗಟ್ಟಿಯಾಗಿ ಓದುತ್ತಾರೆ. ಈ ಸಲ "ಡಬ್ಬಿ ತೊಳೆದು ಪೂರಾ ಒಣಗಿಸಬೇಕು" ಎಂಬ ಸಾಲು ಸೇರಿಸಿ ಎಂದರು. ಅಲ್ಲೇ ಕೂತು ಸೇರಿಸಿದೆ.